ಶಾಸಕರೇ, ಮೊದಲು ಆ ಪಟ್ಟಿ ತೆಗೆಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಬಸ್ ಕಂಡಕ್ಟರ್. ನನ್ನ ಮಗಳು ಓದುವ ಕಾಲೇಜಿನವರು ಮಕ್ಕಳ ಆಧಾರ್, ಮೊಬೈಲ್ ನಂಬರ್ ಎಲ್ಲಾ ಇರುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ, ಈ ಪತ್ರ ಅದರ ಬಗ್ಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತಲ್ಲ, ಆವತ್ತಿನಿಂದ ದಿನಕ್ಕೆ ನೂರಾರು ಹೆಣ್ಣುಮಕ್ಕಳ ಆಧಾರ್ ಕಾರ್ಡ್ ನೋಡುತ್ತೇನೆ. ನೋಡುತ್ತೇನೆ, ಫ್ರೀ ಟಿಕೆಟ್ ಹರಿದು ಕೊಡುತ್ತೇನೆ, ಮುಂದಿನ ಸೀಟಿಗೆ ಹೋಗುತ್ತೇನೆ. ಇವತ್ತಿನವರೆಗೆ ಒಬ್ಬರ ಕಾರ್ಡನ್ನೂ ಬಸ್ಸಿನ ಬಾಗಿಲಿಗೆ ಅಂಟಿಸಿಲ್ಲ. ಎಸ್ಸೆಸ್ಸೆಲ್ಸಿ ಓದಿದ ನನಗೇ ಇಷ್ಟು ತಿಳಿಯುತ್ತದೆ. ಪಿಎಚ್‌ಡಿ ಮಾಡಿದವರು ತುಂಬಿರುವ ಕಾಲೇಜಿಗೆ ಯಾಕೆ ತಿಳಿಯುವುದಿಲ್ಲ?

ಸರ್ಕಾರಿ ಪದವಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ನೀವೇ ಅಧ್ಯಕ್ಷರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಇಲ್ಲಿ ಹಾಕಿಲ್ಲ, ನನ್ನ ಹೆಸರೂ ಹಾಕಿಲ್ಲ. ಹಾಕಿದರೆ ಮಗಳು ಯಾರು ಅಂತ ಕಂಡುಹಿಡಿಯುವುದು ಎರಡು ನಿಮಿಷದ ಕೆಲಸ. ಪಟ್ಟಿ ಬೋರ್ಡಿನಲ್ಲೇ ಇದೆಯಲ್ಲ! ನಿಮಗೆ ಕೈಯಾರೆ ಕೊಟ್ಟ ಅರ್ಜಿಯಲ್ಲಿ ಎಲ್ಲಾ ವಿವರ ಬರೆದಿದ್ದೇನೆ. ನಿಮ್ಮ ಪಿಎ ಅದನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಆ ಜೇಬಿನಲ್ಲಿ ಇನ್ನೂ ಎಷ್ಟು ಅರ್ಜಿ ಇವೆಯೋ.

ನಡೆದದ್ದು ಇಷ್ಟು. ದಸರಾ ರಜೆಗೆ ಮುಂಚೆ ಕಾಲೇಜಿನವರು ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಹಾಕಿದರು. ಯುಯುಸಿಎಂಎಸ್‌ಗೆ, ಅಂದರೆ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಗೆ, ಕಳಿಸುವ ಮುಂಚೆ ವಿವರ ಸರಿ ಇದೆಯಾ ನೋಡಿಕೊಳ್ಳಿ, ತಪ್ಪಿದ್ದರೆ ತಿದ್ದಿಸಿ ಅಂತ. ಅದರಲ್ಲಿ ವಿದ್ಯಾರ್ಥಿಯ ಹೆಸರು, ಅಪ್ಪನ ಹೆಸರು, ಊರು, ಜಾತಿ, ವರ್ಷದ ಆದಾಯ, ಆಧಾರ್ ನಂಬರ್, ಮೊಬೈಲ್ ನಂಬರ್, ಎಲ್ಲಾ ಇದೆ. ರಕ್ತದ ಗುಂಪು ಕೂಡ ಇದೆ, ಯಾಕೋ ಗೊತ್ತಿಲ್ಲ. ಬೋರ್ಡ್ ಇರುವುದು ಆಫೀಸಿನ ಹೊರಗೆ, ಗೇಟಿನ ಕಡೆ ಮುಖ ಮಾಡಿ. ಚಹಾ ಕುಡಿಯಲು ಬಂದವರೂ ಓದಬಹುದು. ಓದಿದರು ಕೂಡ. ಯಾರೋ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಯುಯುಸಿಎಂಎಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಅವರದೇ ಲಾಗಿನ್ ಇದೆ. ಅವರವರದ್ದು ಅವರವರು ನೋಡಿಕೊಂಡರೆ ಮುಗಿಯುತ್ತಿತ್ತು.

ನಾಲ್ಕನೇ ದಿನದಿಂದ ಮಗಳಿಗೆ ಫೋನ್ ಶುರುವಾಯಿತು. ರಾತ್ರಿ ಹನ್ನೊಂದಕ್ಕೆ, ಬೆಳಿಗ್ಗೆ ಐದಕ್ಕೆ. ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿನಿಂದ. ಅವಳು ನಮಗೆ ಹೇಳಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅಂತ ಹೆದರಿಕೆ. ಎಷ್ಟು ಮನೆಗಳಲ್ಲಿ ಇದೇ ಕಥೆಯೋ, ಹೇಳದವರ ಲೆಕ್ಕ ಯಾರ ಹತ್ತಿರ ಇದೆ?

ಇದಾದ ಮೇಲೆ ನಡೆದದ್ದನ್ನು ನಾನು ಮರೆಯಲ್ಲ ಸಾರ್. ಒಂದು ದಿನ ಒಬ್ಬ ಗಂಡಸು ಸೀದಾ ಕಾಲೇಜ್ ಆಫೀಸಿಗೆ ಬಂದ. ಮಗಳ ಹೆಸರು, ನನ್ನ ಹೆಸರು, ನಮ್ಮ ಊರು ಮೂರನ್ನೂ ಹೇಳಿದ. "ನಾನು ಅವಳ ಸೋದರಮಾವ. ಅಜ್ಜಿಗೆ ಸೀರಿಯಸ್ಸು. ಕ್ಲಾಸ್ ಎಷ್ಟೊತ್ತಿಗೆ ಬಿಡುತ್ತೆ?" ಅಂದ. ಕೌಂಟರಿನಲ್ಲಿ ಇದ್ದವರು ಟೈಮ್ ಟೇಬಲ್ ತೆಗೆದು ತೋರಿಸಿದರು. ಯಾವ ಬಸ್ಸಿಗೆ ಹೋಗುತ್ತಾಳೆ ಅಂತಲೂ ಹೇಳಿದರು, ಪಾಪ, ಸಹಾಯ ಮಾಡೋಣ ಅಂತ. ಅವನು ಬಸ್ ಸ್ಟ್ಯಾಂಡಿಗೆ ಬಂದು ಅವಳ ಪಕ್ಕದಲ್ಲೇ ನಿಂತು, "ಫೋನ್ ಯಾಕೆ ಎತ್ತಲ್ಲ? ನಿಮ್ಮಪ್ಪನ ಸಂಬಳ ಎಷ್ಟು ಅಂತಾನೂ ಗೊತ್ತು ನನಗೆ" ಅಂದ. ಅಲ್ಲೇ ಹೂವು ಮಾರುವ ಅಕ್ಕ ಗಲಾಟೆ ಮಾಡಿ ಓಡಿಸಿದರು.

ನನ್ನ ಹೆಂಡತಿಗೆ ಅಣ್ಣತಮ್ಮಂದಿರೇ ಇಲ್ಲ. ಇರುವವರು ಮೂರು ಜನ ತಂಗಿಯರು.

ಆ ವಾರವೇ ನಾನು ರಜೆ ಹಾಕಿ ಅದೇ ಕೌಂಟರಿಗೆ ಹೋದೆ. ಮಗಳ ಹಾಜರಾತಿ ಎಷ್ಟಿದೆ ಅಂತ ಕೇಳಿದೆ. "ನೀವು ಅವಳ ಅಪ್ಪ ಅಂತ ಹೇಗ್ರೀ ನಂಬೋದು? ಅರ್ಜಿ ಬರೆದು ಆಧಾರ್ ಜೆರಾಕ್ಸ್ ತನ್ನಿ" ಅಂದರು. ಸಿಟ್ಟು ಬರಬೇಕಿತ್ತು. ನಗು ಬಂತು. ಸೋದರಮಾವ ಅಂದಿದ್ದರೆ ಕೂರಿಸಿ ಟೀ ಕೊಡುತ್ತಿದ್ದರೇನೋ.

ಪ್ರಿನ್ಸಿಪಾಲರನ್ನು ಕಂಡೆ. ಒಳ್ಳೆಯ ಮಾತಿನವರು. "ಸಿಮ್ ಬದಲಾಯಿಸಿಬಿಡಿ" ಅಂದರು. ಸಿಮ್ ಬದಲಾಯಿಸಬಹುದು ಸಾರ್. ಆಧಾರ್ ನಂಬರ್ ಬದಲಾಯಿಸೋದು ಹೇಗೆ? ಊರು? ಜಾತಿ? ಜನರ ಖಾಸಗಿ ವಿವರ ಕಾಪಾಡುವ ಡೇಟಾ ಕಾಯಿದೆಯ ಮಾತು ತೆಗೆದೆ. 2023ರದ್ದು, ನಿಯಮಗಳು 2025ರ ನವೆಂಬರಿನಲ್ಲಿ ಬಂದವು. "ಅದು ಪೂರ್ತಿ ಜಾರಿಗೆ ಬರೋಕೆ ಹದಿನೆಂಟು ತಿಂಗಳು ಟೈಮ್ ಇದೆ" ಅಂದರು. ಸರಿ. ಅದು ಅವರಿಗೆ ಚೆನ್ನಾಗಿ ಗೊತ್ತಿದೆ. ಆದರೆ 2016ರ ಆಧಾರ್ ಕಾಯಿದೆಯ 29ನೇ ಸೆಕ್ಷನ್ ಇದೆಯಲ್ಲ, ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರದರ್ಶಿಸಬಾರದು ಅಂತ? ಅದಕ್ಕೆ ಯಾವ ಟೈಮೂ ಬಾಕಿ ಇಲ್ಲ. ನಿಮಗೆ ಇದನ್ನೆಲ್ಲ ನಾನು ಹೇಳಬೇಕಾ? ನೀವು ವಿಧಾನಸೌಧದಲ್ಲಿ ಕೂರುವವರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ರಾಜ್ಯದವರೇ ಹಾಕಿದ ಕೇಸಿನಲ್ಲಿ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತಾರನೇ ವಯಸ್ಸಿನಲ್ಲಿ ದೆಹಲಿವರೆಗೆ ಹೋಗಿ ಕೇಳಿದ್ದನ್ನು ನಾನು ನಮ್ಮ ತಾಲೂಕಿನಲ್ಲೇ ನಿಂತು ಕೇಳುತ್ತಿದ್ದೇನೆ. ಆ ಪಟ್ಟಿ ತೆಗೆಸಿ.

ಗೇಟಿನ ವಿಷಯವನ್ನೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯಲ್ಲಿ ಕಾಲೇಜ್ ಆವರಣದೊಳಗೇ ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದರು. ಆಗ ನನ್ನ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಟಿವಿ ನೋಡಿ ನನ್ನ ಹೆಂಡತಿ, ಡಿಗ್ರಿಗೆ ದೊಡ್ಡ ಊರು ಬೇಡವೇ ಬೇಡ, ಇಲ್ಲೇ ಓದಲಿ, ಕಣ್ಣೆದುರಿಗೆ ಇರುತ್ತಾಳೆ ಅಂತ ಹಠ ಹಿಡಿದಳು. ಮೈಸೂರಿಗೆ ಕಳಿಸಬೇಕು ಅಂತಿದ್ದವನು ನಾನು. ಸುಮ್ಮನಾದೆ. ಈಗ ಅವಳೂ ಸುಮ್ಮನಾಗಿದ್ದಾಳೆ.

ಇಲ್ಲಿ ಗೇಟಿಗೆ ಕಾವಲುಗಾರ ಇಲ್ಲ. ನೀವೇ ಟೇಪು ಕತ್ತರಿಸಿ ಉದ್ಘಾಟನೆ ಮಾಡಿದ ಸಿಸಿಟಿವಿ ಇದೆ, ಫ್ಲೆಕ್ಸ್ ಇನ್ನೂ ಹಾಗೇ ಇದೆ. ಆ ಗಂಡಸಿನ ಮುಖ ನೋಡೋಣ, ರೆಕಾರ್ಡಿಂಗ್ ತೆಗೆಯಿರಿ ಅಂದರೆ ಗೇಟಿನ ಕ್ಯಾಮೆರಾದ ವೈರನ್ನು ಮಂಗ ಕಿತ್ತು ಎಂಟು ತಿಂಗಳಾಯಿತಂತೆ. ಮಂಗನ ಮೇಲಾದರೂ ಕ್ರಮ ತೆಗೆದುಕೊಂಡರೋ ಇಲ್ಲವೋ.

ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಬೋರ್ಡ್ ಹುಡುಕಿದೆ. ಮೆಟ್ಟಿಲ ಕೆಳಗೆ, ನೀರಿನ ಫಿಲ್ಟರಿನ ಹಿಂದೆ ಸಿಕ್ಕಿತು. ಅದರಲ್ಲಿರುವ ಅಧ್ಯಕ್ಷೆ ಮೇಡಂ ವರ್ಗಾವಣೆಯಾಗಿ ಎರಡು ವರ್ಷ ಆಗಿದೆ. ಸಮಿತಿಯಲ್ಲಿ ವಿದ್ಯಾರ್ಥಿಗಳೂ ಇರಬೇಕು ಅಂತ ಯುಜಿಸಿಯ 2015ರ ನಿಯಮಾವಳಿಯಲ್ಲೇ ಇದೆ, ಇಲ್ಲಿ ಆ ಜಾಗ ಖಾಲಿ. ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522 ಇದೆಯಲ್ಲ, ಅದರ ಕೊನೆಯ ನಾಲ್ಕು ಅಂಕಿ ಅಳಿಸಿಹೋಗಿದೆ. ಒಟ್ಟಿನಲ್ಲಿ ಆ ಕಾಲೇಜಿನಲ್ಲಿ ಕಾಣಬೇಕಾದ ನಂಬರ್ ಕಾಣುವುದಿಲ್ಲ, ಕಾಣಬಾರದ ನಂಬರೆಲ್ಲ ಹತ್ತು ಅಡಿ ದೂರಕ್ಕೂ ಕಾಣುತ್ತವೆ.

ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. ಒಂದು ನಂಬರಿನವನನ್ನು ಕರೆಸಿ ಗದರಿಸಿದರು. ಉಳಿದ ನಂಬರುಗಳ ವಿಚಾರಣೆ ನಡೆಯುತ್ತಿದೆ. ಕಾಲೇಜು ಮಾತ್ರ ತಕ್ಷಣ ಕ್ರಮ ಕೈಗೊಂಡಿತು: ಹುಡುಗಿಯರು ಕಾಲೇಜಿಗೆ ಮೊಬೈಲ್ ತರಬಾರದು ಅಂತ ನೋಟಿಸ್. ನಂಬರ್ ಹಂಚಿದವರು ಕಾಲೇಜಿನವರು, ಫೋನ್ ಕಳೆದುಕೊಂಡವರು ಹುಡುಗಿಯರು! ಅದನ್ನೂ ಅದೇ ಬೋರ್ಡಿನಲ್ಲಿ, ಆ ಪಟ್ಟಿಯ ಪಕ್ಕದಲ್ಲೇ ಹಾಕಿದರು. ಮಗಳು ಹೆದರಿ ಎರಡು ವಾರ ಹೋಗಲಿಲ್ಲ. ಹಾಜರಾತಿ 75ಕ್ಕಿಂತ ಕಡಿಮೆಯಾಯಿತು. ಹಾಜರಾತಿ ಕಡಿಮೆ ಇರುವವರ ಪಟ್ಟಿ ಹಾಕಿದರು. ಅದೂ ಬೋರ್ಡಿಗೇ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಯಾರನ್ನೂ ಸಸ್ಪೆಂಡ್ ಮಾಡಿ ಅಂತ ಕೇಳುತ್ತಿಲ್ಲ. ಆ ಪಟ್ಟಿ ತೆಗೆಸಿ. ಮಕ್ಕಳ ವಿವರ ಇನ್ನು ಮುಂದೆ ಬೋರ್ಡಿಗೂ ಬೇಡ, ವಾಟ್ಸಾಪಿಗೂ ಬೇಡ, ಕೌಂಟರಿಗೆ ಬಂದ ಮಾವಂದಿರಿಗೂ ಬೇಡ ಅಂತ ಸಮಿತಿ ಸಭೆಯಲ್ಲಿ ಒಂದು ಠರಾವು ಮಾಡಿಸಿ. ಗೇಟಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಬರುವವರ ಹೆಸರು ಬರೆದುಕೊಳ್ಳಲು ಒಂದು ಪುಸ್ತಕ ಕೊಡಿಸಿ. ದೂರು ಸಮಿತಿಗೆ ಈಗ ಕಾಲೇಜಿನಲ್ಲಿ ಇರುವವರನ್ನು ಹಾಕಿಸಿ. ಮೊದಲು ಆ ಪಟ್ಟಿ ತೆಗೆಸಿ. ಸಭೆ ಯಾವಾಗ ನಡೆಯುತ್ತದೋ ನನಗೆ ಗೊತ್ತಿಲ್ಲ, ಪಟ್ಟಿ ತೆಗೆಯಲು ಸಭೆ ಬೇಕಾಗಿಲ್ಲ.

ಹೋದ ಸೋಮವಾರ ನನಗೆ ವಾರದ ರಜೆ. ಮತ್ತೆ ಹೋಗಿ ನೋಡಿದೆ. ಪಟ್ಟಿ ಅಲ್ಲೇ ಇದೆ. ಬಿಸಿಲಿಗೆ ಕಾಗದ ಹಳದಿ ತಿರುಗಿದೆ, ಅಕ್ಷರ ಮಾತ್ರ ಗಟ್ಟಿ. ಬೋರ್ಡಿಗೆ ಗಾಜಿನ ಬಾಗಿಲು, ಅದಕ್ಕೆ ಬೀಗ. ತೆಗೆಯಿರಿ ಅಂತ ಅಟೆಂಡರನ್ನು ಕೇಳಿದೆ. "ಬೀಗದ ಕೈ ಕಳೆದುಹೋಗಿದೆ ಸಾರ್" ಅಂದರು. ಬ್ಯಾಗಿನಲ್ಲಿದ್ದ ಟಿಕೆಟ್ ರೋಲಿನ ಕಾಗದ ಹರಿದು, ಗಾಜಿನ ಮೇಲೆ, ಮಗಳ ಸಾಲು ಮುಚ್ಚುವ ಹಾಗೆ ಅಂಟಿಸಿ ಬಂದೆ. ಮಾರನೇ ದಿನ ಅದನ್ನು ಕಿತ್ತಿದ್ದರು. ಬೋರ್ಡ್ ಗಲೀಜು ಮಾಡಿದವರಿಗೆ 500 ರೂಪಾಯಿ ದಂಡ ಅಂತ ಹೊಸ ನೋಟಿಸ್ ಹಾಕಿದ್ದಾರಂತೆ. ಬೀಗದ ಕೈ ಇಲ್ಲದೆ ಅದನ್ನು ಗಾಜಿನ ಒಳಗೆ ಹೇಗೆ ಹಾಕಿದರೋ, ದಯವಿಟ್ಟು ಒಂದು ಫೋನ್ ಮಾಡಿ ವಿಚಾರಿಸಿ.

ಇಂತಿ,
ಎರಡನೇ ವರ್ಷದ ಬಿಕಾಂ ವಿದ್ಯಾರ್ಥಿನಿಯ ತಂದೆ