ಲೇಸರ್ ಆಮೇಲೆ ಕೊಳ್ಳೋಣ, ಮೊದಲು ಪ್ರಾಕ್ಟೀಸ್‌ಗೆ ಟೇಬಲ್ ಕೊಡಿ

ಮಾನ್ಯ ಸಂಪಾದಕರೇ,

ಬಿಲಿಯರ್ಡ್ಸ್, ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿ ಇನ್ನೊಂದು ವಿಶ್ವ ಪ್ರಶಸ್ತಿ ಗೆದ್ದಾಗ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಫೋಟೋ ಬರುತ್ತದೆ. ಮಾರನೇ ದಿನದಿಂದ ಮತ್ತೆ ಕ್ರಿಕೆಟ್. ಸ್ನೂಕರ್ ಬಗ್ಗೆ ನಮ್ಮ ಕಡೆ ಪತ್ರ ಬರೆಯುವವರೇ ಕಡಿಮೆ. ಬರೆದರೂ ‘ಪಾರ್ಲರ್ ಮುಚ್ಚಿಸಿ, ಹುಡುಗರು ಕೆಟ್ಟು ಹೋಗ್ತಿದಾರೆ’ ಅನ್ನುವವರೇ ಜಾಸ್ತಿ. ನನ್ನದು ಬೇರೆ ತಕರಾರು.

ಈಗೀಗ ಹುಬ್ಬಳ್ಳಿ-ಧಾರವಾಡದ ಪಾರ್ಲರ್‌ಗಳಲ್ಲಿ ಹುಡುಗರ ಬ್ಯಾಗಿನಿಂದ ಹೊಸ ಹೊಸ ಸಾಮಾನು ಹೊರಬೀಳುತ್ತಿವೆ. ಕ್ಯೂ (ಬಾಲ್ ಹೊಡೆಯುವ ಕೋಲು) ತುದಿಗೆ ಸಿಕ್ಕಿಸುವ ಲೇಸರ್, ಮೈತುಂಬ ಚುಕ್ಕೆ, ವೃತ್ತ ಬರೆದ ಬಿಳಿ ಬಾಲ್, ಬಾಣದ ಆಕಾರದ ಪ್ಲಾಸ್ಟಿಕ್ ಪಟ್ಟಿ, ಕ್ಯೂ ಆಕಡೆ ಈಕಡೆ ಅಲ್ಲಾಡದಂತೆ ಹಿಡಿದಿಡುವ ಒಂದು ಚೌಕಟ್ಟು. ಎಲ್ಲ ಆನ್‌ಲೈನ್ ಮಾಲು. ಧಾರವಾಡದ ಸ್ನೇಹಿತರೊಬ್ಬರು ಫೋನ್ ಮಾಡಿ ‘ಮಗ ಹಟ ಹಿಡಿದು ಕೂತಾನ್ರೀ, ಕೊಡಸಲ್ಯಾ?’ ಅಂತ ಕೇಳಿದರು. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಈ ಸಾಮಾನು ಪೂರ್ತಿ ಮೋಸ ಅಂತ ನಾನು ಹೇಳಲ್ಲ. ಆದರೆ ನಮ್ಮ ಹುಡುಗರಿಗೆ ಕೊರತೆ ಇರೋದು ಸಾಮಾನಿನದ್ದಲ್ಲ ಸ್ವಾಮಿ. ಒಬ್ಬನೇ ನಿಂತು, ಎದುರಾಳಿ ಇಲ್ಲದೆ, ಒಂದೇ ಶಾಟನ್ನು ಮತ್ತೆ ಮತ್ತೆ ಹೊಡೆಯುವುದಕ್ಕೆ ಒಂದು ತಾಸು ಟೇಬಲ್ ಬೇಕು. ಅದು ನಮ್ಮ ಊರಲ್ಲಿ ಸಿಗುತ್ತಿಲ್ಲ.

ಮೊದಲು ಲೇಸರ್ ವಿಷಯ. ಅದನ್ನು ಕ್ಯೂಗೆ ಹಾಕಿದರೆ ಕ್ಯೂ ಯಾವ ಕಡೆ ತಿರುಗಿದೆ ಅಂತ ಕೆಂಪು ಗೆರೆ ತೋರಿಸುತ್ತದೆ. ನೋಡೋಕೆ ಭಾರಿ ಚಂದ. ಆದರೆ ಅದು ತೋರಿಸುವುದು ಕ್ಯೂ ನಿಂತಾಗಿನ ದಿಕ್ಕು. ಹೊಡೆಯುವ ಕ್ಷಣದಲ್ಲಿ ಭುಜ ಎದ್ದು, ಮೊಣಕೈ ಹೊರಗೆ ಹೋಗಿ, ಕ್ಯೂ ಸೊಟ್ಟಗಾದರೆ ಆ ಗೆರೆ ಏನು ಮಾಡೀತು? ಒಂದು ಪಾರ್ಲರಿನಲ್ಲಿ ಒಬ್ಬ ಹುಡುಗ ಲೇಸರ್ ಹಚ್ಚಿಕೊಂಡು ಸುಲಭದ ಕೆಂಪು ಬಾಲನ್ನೇ ಸಾಲಾಗಿ ತಪ್ಪಿಸುತ್ತಿದ್ದ. ಅಲ್ಲಿನ ಹಳೆ ಮಾರ್ಕರ್ (ಸ್ಕೋರ್ ಬರೆದು ಟೇಬಲ್ ನೋಡಿಕೊಳ್ಳುವವರು) ಕ್ಯೂ ತುದಿಗೆ ಚಾಕ್ ಉಜ್ಜುತ್ತಾ ಹೇಳಿದ್ದು ಇಷ್ಟೇ: ‘ಬೆಳಕು ನೆಟ್ಟಗ ಐತ್ರೀ, ಕೈ ಅಷ್ಟ ಸೊಟ್ಟ.’ ಹಾಗೆ ನೋಡಿದರೆ ಲೇಸರ್‌ನ ನಿಜವಾದ ಉಪಯೋಗ ಅಲ್ಲೇ ಇದೆ. ಬಾಲ್ ಇಡದೆ ಸುಮ್ನೆ ಕ್ಯೂ ಹಿಂದೆ ಮುಂದೆ ಆಡಿಸಿ, ಎದುರಿನ ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಮೇಲೆ ಬೀಳುವ ಚುಕ್ಕೆ ಕದಲುತ್ತದಾ ಅಂತ ನೋಡಿದರೆ ಕೈಯ ದೋಷ ಗೊತ್ತಾಗುತ್ತದೆ. ಹಾಗೆ ಬಳಸುವವರನ್ನು ನಾನಂತೂ ನೋಡಿಲ್ಲ. ಪಕ್ಕದ ಟೇಬಲಿನವರ ಕಣ್ಣಿಗೆ ಬಿಡುವವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ, ಅದು ಅಪಾಯ ಕೂಡ, ಮಾಲೀಕರು ಸ್ವಲ್ಪ ಗಮನಿಸಬೇಕು.

ಕೈ ನೇರ ಇರೋದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಕ್ಯೂನಿಂದ ಹೊಡೆಯುವ ಬಿಳಿ ಬಾಲ್‌ಗೂ, ಪಾಕೆಟ್‌ಗೆ (ಟೇಬಲ್ ಅಂಚಿನ ತೂತಿಗೆ) ಹಾಕಬೇಕಾದ ಕೆಂಪು ಬಾಲ್‌ಗೂ ಒಂದು ಮೀಟರ್ ಅಂತರ ಇದೆ ಅಂದುಕೊಳ್ಳಿ. ನೇರವಾದ ಶಾಟ್. ಬಿಳಿ ಬಾಲ್ ಬರೀ ಒಂದು ಡಿಗ್ರಿ ಓರೆಯಾಗಿ ಹೊರಟರೆ ಕೆಂಪು ಬಾಲ್ ಹತ್ತಿರ ಹೋಗುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಸ್ನೂಕರ್ ಬಾಲಿನ ಅಗಲವೇ 52.5 ಮಿಲಿಮೀಟರ್. ಅಂದರೆ ಬಾಲಿನ ಮೂರನೇ ಒಂದು ಪಾಲಿನಷ್ಟು ಗುರಿ ತಪ್ಪಿತು. ಕೆಂಪು ಬಾಲ್ ಆಗ ಹೆಚ್ಚು ಕಡಿಮೆ 18 ಡಿಗ್ರಿ ಓರೆಗೆ ಓಡುತ್ತದೆ, ಪಾಕೆಟ್ ಒಂದು ಕಡೆ, ಬಾಲ್ ಇನ್ನೊಂದು ಕಡೆ. ಒಂದು ಡಿಗ್ರಿ ಅಂದರೆ ಕಣ್ಣಿಗೂ ಸರಿಯಾಗಿ ಕಾಣಲ್ಲ. ಹೀಗಿರುವಾಗ ‘ನನಗೆ ಆ್ಯಂಗಲ್ ಗೊತ್ತಾಗಲ್ಲ’ ಅಂತ ಗೋಳಾಡುವ ಹುಡುಗರಲ್ಲಿ ಮುಕ್ಕಾಲು ಜನಕ್ಕೆ ಆ್ಯಂಗಲ್ ಸರಿಯಾಗೇ ಗೊತ್ತಿರುತ್ತದೆ. ಕ್ಯೂ ಅವರು ಅಂದುಕೊಂಡ ದಾರಿಯಲ್ಲಿ ಹೋಗಿರಲ್ಲ, ಅಷ್ಟೇ.

ಇದನ್ನು ಸರಿಮಾಡೋಕೆ ಪೈಸೆ ಖರ್ಚಿಲ್ಲ. ಖಾಲಿ ನೀರಿನ ಬಾಟಲಿಯನ್ನು ಮನೆಯ ಟೇಬಲ್ ಮೇಲೆ ಅಡ್ಡ ಮಲಗಿಸಿ, ಒಂದು ಗೇಣು ದೂರದಲ್ಲಿ ಬ್ರಿಡ್ಜ್ ಕೈ (ಕ್ಯೂಗೆ ಆಧಾರ ಕೊಡುವ ಮುಂದಿನ ಕೈ) ಇಟ್ಟು, ಕ್ಯೂ ತುದಿಯನ್ನು ಬಾಟಲಿ ಬಾಯಿಯೊಳಗೆ ಹೊಗಿಸಿ ತೆಗೆಯಿರಿ. ಅಂಚಿಗೆ ತಾಗಬಾರದು. ಮೊದಲ ದಿನ ಬಾಟಲಿ ಟಕ್ ಟಕ್ ಅಂತ ಉರುಳಿ ನೆಲಕ್ಕೆ ಬೀಳುತ್ತದೆ, ಮನೆಯವರು ಬೈಯುತ್ತಾರೆ. ನಿಧಾನಕ್ಕೆ ಆಡಿಸಿದರೆ ಬೇಗ ಹದಕ್ಕೆ ಬರುತ್ತದೆ. ವೇಗ ಹೆಚ್ಚಿಸಿದ ಕೂಡಲೇ ಮತ್ತೆ ತಾಗುತ್ತದೆ, ನಿಮ್ಮ ಕೈ ಎಲ್ಲಿ ತಿರುಗುತ್ತದೆ ಅನ್ನೋದು ಅಲ್ಲೇ ಸಿಕ್ಕಿತು.

ಪಾರ್ಲರಿನಲ್ಲಾದರೆ ಬಿಳಿ ಬಾಲನ್ನು ಬ್ರೌನ್ ಸ್ಪಾಟ್ (ಕಂದು ಬಾಲ್ ಇಡುವ ಗುರುತು) ಮೇಲಿಟ್ಟು ನೀಲಿ, ಪಿಂಕ್, ಕಪ್ಪು ಸ್ಪಾಟ್‌ಗಳ ಮೇಲೆ ಹಾಯುವಂತೆ ಹೊಡೆಯಬೇಕು. ಎದುರಿನ ಕುಶನ್‌ಗೆ ಬಡಿದು ಅದೇ ದಾರಿಯಲ್ಲಿ ವಾಪಸ್ ಬಂದು, ಕದಲದೆ ಹಿಡಿದ ಕ್ಯೂ ತುದಿಗೇ ಮುಟ್ಟಬೇಕು. ಹೋಗಿ ಬರುವ ದಾರಿ 18 ಅಡಿಗೂ ಸ್ವಲ್ಪ ಜಾಸ್ತಿ. ಇದು ಎಷ್ಟು ಬೇಸರದ ಅಭ್ಯಾಸ ಅಂದರೆ ಹತ್ತು ನಿಮಿಷಕ್ಕೆ ಹುಡುಗರು ‘ಒಂದು ಫ್ರೇಮ್ ಆಡೋಣ ಬಾ’ ಅನ್ನುತ್ತಾರೆ. ಆದರೆ 80ರ ದಶಕದಲ್ಲಿ ಆರು ಸಲ ವಿಶ್ವ ಚಾಂಪಿಯನ್ ಆದ ಸ್ಟೀವ್ ಡೇವಿಸ್ ಹೆಸರಿನ ಜೊತೆ ಇವತ್ತಿಗೂ ಅಂಟಿಕೊಂಡಿರುವುದು ಇಂಥ ಬೇಸರದ ಅಭ್ಯಾಸವೇ.

ಬಾಲ್ ವಾಪಸ್ ಬರುವಾಗ ಪ್ರತಿ ಸಲ ಒಂದೇ ಕಡೆ ಓರೆಯಾದರೆ ನೀವು ಬಾಲಿನ ನಡುವಿಗೆ ಹೊಡೆಯುತ್ತಿಲ್ಲ, ಗೊತ್ತಿಲ್ಲದೆ ಸೈಡ್ (ಪಕ್ಕಕ್ಕೆ ಹೊಡೆದಾಗ ಬಾಲಿಗೆ ಬರುವ ತಿರುಗು) ಕೊಡುತ್ತಿದ್ದೀರಿ. ಎಷ್ಟು ಅಂತ ನೋಡಬೇಕಾ? ಬಿಳಿ ಬಾಲ್ ಚೆನ್ನಾಗಿ ಒರೆಸಿ, ಟಿಪ್‌ಗೆ (ಕ್ಯೂ ತುದಿಯ ಚರ್ಮದ ಬಿಲ್ಲೆಗೆ) ಹೊಸದಾಗಿ ಚಾಕ್ ಹಚ್ಚಿ, ಮೆಲ್ಲಗೆ ಒಂದು ಹೊಡೆದು, ಬಾಲ್ ಜಾಸ್ತಿ ಉರುಳುವ ಮುಂಚೆ ಹಿಡಿದು ನೋಡಿ. ಸಾಸಿವೆ ಕಾಳಿನಷ್ಟು ನೀಲಿ ಗುರುತು ಕಾಣುತ್ತದೆ. ನಾವು ನಡು ಅಂದುಕೊಂಡ ಜಾಗಕ್ಕೂ ಆ ಗುರುತಿಗೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಪೂಲ್ ಟೇಬಲ್ ಇದ್ದರೆ ಇನ್ನೂ ಸುಲಭ. 9ರಿಂದ 15ರವರೆಗಿನ ಪಟ್ಟಿ ಬಾಲ್‌ಗಳಲ್ಲಿ ಒಂದನ್ನು ಬಿಳಿ ಬಾಲಿನ ಜಾಗಕ್ಕೆ ಇಟ್ಟುಕೊಂಡು, ಪಟ್ಟಿ ನೆಟ್ಟಗೆ ಹೊಡೆಯುವ ದಿಕ್ಕಿಗೇ ಇರುವಂತೆ ನಿಲ್ಲಿಸಿ ಹೊಡೆಯಿರಿ. ನಡುವಿಗೆ ಬಿದ್ದರೆ ಪಟ್ಟಿ ಗಾಡಿ ಚಕ್ರದ ಹಾಗೆ ನೆಟ್ಟಗೆ ಉರುಳುತ್ತದೆ. ಸೈಡ್ ಬಿದ್ದರೆ ಓಲಾಡುತ್ತದೆ. ದುಡ್ಡು ಕೊಟ್ಟು ತರಿಸುವ ಚುಕ್ಕೆ ಬಾಲ್ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ.

ಇನ್ನು ಆ ಬಾಣದ ಪಟ್ಟಿ. ಅದರ ಹಿಂದಿರುವುದು ಘೋಸ್ಟ್ ಬಾಲ್ ಲೆಕ್ಕ. ಕೆಂಪು ಬಾಲ್ ಪಾಕೆಟ್‌ಗೆ ಹೋಗಬೇಕಾದರೆ ಬಡಿಯುವ ಕ್ಷಣದಲ್ಲಿ ಬಿಳಿ ಬಾಲ್ ಎಲ್ಲಿರಬೇಕೋ ಅಲ್ಲಿ ಒಂದು ಬಾಲ್ ಇದೆ ಅಂತ ಊಹಿಸಿಕೊಂಡು, ಅದರ ನಡುವಿಗೆ ಗುರಿ ಇಡೋದು. ಕೆಂಪು ಬಾಲ್ ಬಟ್ಟೆಗೆ ತಾಗಿರುವ ಬಿಂದುವಿನಿಂದ, ಪಾಕೆಟ್‌ಗೆ ವಿರುದ್ಧ ದಿಕ್ಕಿನಲ್ಲಿ ಸರಿಯಾಗಿ 52.5 ಮಿಲಿಮೀಟರ್ ದೂರದಲ್ಲಿ ಆ ನಡು ಇರುತ್ತದೆ. ಪೂಲ್ ಬಾಲ್ ದೊಡ್ಡದು, ಅಲ್ಲಿ 57. ಹಳೆ ಮದುವೆ ಕಾರ್ಡಿನಿಂದ ಅಷ್ಟು ಉದ್ದದ ಪಟ್ಟಿ ಕತ್ತರಿಸಿಕೊಂಡರೆ ಸಾಕು, ನಮ್ಮ ಮನೆಗಳಲ್ಲಿ ಅದಕ್ಕೇನು ಬರವಾ! ಇಟ್ಟು, ಜಾಗ ನೋಡಿಕೊಂಡು, ಪಟ್ಟಿ ತೆಗೆದು ಹೊಡೆಯಬೇಕು. ಇಟ್ಟೇ ಹೊಡೆದರೆ ಬಾಲ್ ಕಾರ್ಡಿನ ಅಂಚು ಹತ್ತಿ ದಾರಿ ತಪ್ಪುತ್ತದೆ. ಬಿಳಿ ಬಾಲಿನ ನಡುವನ್ನು ಕೆಂಪು ಬಾಲಿನ ಅಂಚಿಗೆ ಗುರಿ ಇಟ್ಟರೆ ಅದು ಹಾಫ್ ಬಾಲ್, ಕೆಂಪು ಬಾಲ್ 30 ಡಿಗ್ರಿಗೆ ಹೋಗುತ್ತದೆ. ಈ ಒಂದು ಆ್ಯಂಗಲ್ ಕಣ್ಣಿಗೆ ಕೂತರೆ ಉಳಿದವನ್ನು ಅದಕ್ಕಿಂತ ದಪ್ಪ, ಅದಕ್ಕಿಂತ ತೆಳು ಅಂತ ಅಂದಾಜು ಮಾಡಬಹುದು. ಬಾಲ್-ಬಾಲ್ ತಿಕ್ಕಾಟದಿಂದ ಚೂರು ಆಚೀಚೆ ಆಗುತ್ತದೆ, ಅದು ಆಡುತ್ತಾ ಆಡುತ್ತಾ ಬರುವಂಥದ್ದು.

ಕಣ್ಣಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಕ್ಯೂ ಗದ್ದದ ನಡುವಿಗೇ ಇರಬೇಕು ಅಂತ ಎಲ್ಲರಿಗೂ ಒಂದೇ ಪಾಠ ಹೇಳುವವರಿದ್ದಾರೆ. 1927ರಿಂದ 1946ರವರೆಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋಲೇ ಕಾಣದ ಜೋ ಡೇವಿಸ್‌ಗೆ ಬಲಗಣ್ಣು ಮಂದ. ಅವರ ಕ್ಯೂ ಓಡುತ್ತಿದ್ದದ್ದು ಎಡಗಣ್ಣಿನ ಕೆಳಗೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ, ಟೇಬಲಿನ ಆ ತುದಿಯ ಕಪ್ಪು ಬಾಲನ್ನು ಅದರೊಳಗೆ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಬಾಲ್ ಉಂಗುರದಲ್ಲೇ ಉಳಿಯುತ್ತದೋ ಅದು ನಿಮ್ಮ ಮೇಲುಗೈ ಕಣ್ಣು. ಕ್ಯೂ ಸ್ವಲ್ಪ ಆ ಕಡೆಗೆ ಸರಿದರೆ ತಪ್ಪಿಲ್ಲ.

ಆದರೆ ಪಾರ್ಲರ್ ಮಾಲೀಕರೇ, ನಿಮ್ಮ ಸ್ಟ್ಯಾಂಡಿನಲ್ಲಿರುವ ಕ್ಯೂಗಳನ್ನು ಒಮ್ಮೆ ಟೇಬಲ್ ಮೇಲೆ ಉರುಳಿಸಿ ನೋಡಿದ್ದೀರಾ? ಅರ್ಧಕ್ಕರ್ಧ ಕುಣಿಯುತ್ತವೆ. ಟಿಪ್ ಚಪ್ಪಟೆಯಾಗಿ, ಗಟ್ಟಿಯಾಗಿ, ಮೈ ಹೊಳೆಯುತ್ತಿರುತ್ತದೆ, ಚಾಕ್ ನಿಲ್ಲುವುದೇ ಇಲ್ಲ. ಕೆಲವು ಕಡೆ ಟೇಬಲ್ ಲೆವೆಲ್ ಕೂಡ ಸರಿ ಇಲ್ಲ, ಮೆಲ್ಲಗೆ ಬಿಟ್ಟ ಬಾಲ್ ತಾನಾಗೇ ಮೂಲೆಗೆ ಹೊರಡುತ್ತದೆ. ಇಂಥ ಕ್ಯೂ, ಇಂಥ ಟೇಬಲ್ ಮೇಲೆ ಸಾವಿರಾರು ರೂಪಾಯಿಯ ಲೇಸರ್ ಇಟ್ಟುಕೊಂಡು ಹುಡುಗ ಏನು ಕಲಿತಾನು? ಒಂದು ಟಿಪ್ ಬದಲಿಸಿ ದುಂಡಗೆ ಉಜ್ಜಿಸಿದರೆ ಆಗುವ ಉಪಕಾರ ಆ ಲೇಸರ್‌ನಿಂದ ಆಗಲ್ಲ.

ಈಗ ನನ್ನ ಮುಖ್ಯ ತಕರಾರು. ನಮ್ಮ ಪಾರ್ಲರ್‌ಗಳಲ್ಲಿ ಸೋತವನು ಟೇಬಲ್ ದುಡ್ಡು ಕೊಡುವ ರೂಢಿ. ಕೇಳೋಕೆ ಮಜಾ ಇದೆ, ಆಟಕ್ಕೆ ರಂಗೂ ಬರುತ್ತದೆ. ಆದರೆ ಅದರ ಪರಿಣಾಮ ನೋಡಿ. ಹೊಸದಾಗಿ ಕಲಿಯುವವನೇ ಯಾವಾಗಲೂ ಸೋಲುವವನು, ಅವನೇ ಯಾವಾಗಲೂ ದುಡ್ಡು ಕೊಡುವವನು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗನ ಜೇಬು ಎಷ್ಟು ದಿನ ತಡೆದೀತು? ಅವನು ಹೊಸ ಶಾಟ್ ಪ್ರಯತ್ನವನ್ನೇ ಮಾಡುವುದಿಲ್ಲ. ಗೊತ್ತಿರುವ ಸೊಟ್ಟ ಕೈಯಲ್ಲೇ, ಗೊತ್ತಿರುವ ಎರಡು ಶಾಟ್ ಹೊಡೆದು ಬಿಲ್ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾನೆ. ಒಬ್ಬನೇ ಪ್ರಾಕ್ಟೀಸ್ ಮಾಡುತ್ತೇನೆ ಅಂದರೆ ಇಬ್ಬರ ಆಟದ ಪೂರ್ತಿ ರೇಟು ಅವನೊಬ್ಬನೇ ಕೊಡಬೇಕು, ಸಂಜೆ ಹೊತ್ತಲ್ಲಾದರೆ ಕಾಯುತ್ತಿರುವವರು ಬೇರೆ ದುರುಗುಟ್ಟಿ ನೋಡುತ್ತಾರೆ. ಹಾಗಾಗಿ ಪ್ರಾಕ್ಟೀಸ್ ಅನ್ನುವುದನ್ನು ಬಿಟ್ಟು ಸಾಮಾನು ಕೊಳ್ಳುತ್ತಾರೆ, ಸಾಮಾನು ಇದ್ದರೆ ಪ್ರಾಕ್ಟೀಸ್ ಮಾಡಿದಂತೆಯೇ ಅನ್ನುವ ಒಂದು ಸಮಾಧಾನ ಇರುತ್ತದಲ್ವಾ.

ಬೆಂಗಳೂರಿನಲ್ಲಿ ಹೀಗಿಲ್ಲ ಅಂತ ಅಲ್ಲ. ಆದರೆ ಅಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ, ಕಲಿಸುವವರಿದ್ದಾರೆ. ಅಡ್ವಾಣಿ ಅಲ್ಲಿಯೇ ಅರವಿಂದ್ ಸವೂರ್ ಅವರ ಕೈಕೆಳಗೆ ಕಲಿತು 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದಾಗ ಅವರಿಗೆ 18 ವರ್ಷ. ಬಿಲಿಯರ್ಡ್ಸ್, ಸ್ನೂಕರ್ ಆಟಗಾರ್ತಿ ಚಿತ್ರಾ ಮಗಿಮೈರಾಜ್ ಕೂಡ ಬೆಂಗಳೂರಿನವರೇ. ನಮ್ಮ ಕಡೆ ಹುಡುಗಿಯರು ಪಾರ್ಲರ್ ಮೆಟ್ಟಿಲು ಹತ್ತುವುದೇ ಅಪರೂಪ. ಹೊಗೆ, ಬೈಗುಳ, ಬೆಟ್ಟಿಂಗ್ ಇರುವಲ್ಲಿ ಯಾರು ಕಳಿಸುತ್ತಾರೆ? ಗದಗದಿಂದ, ಹಾವೇರಿಯಿಂದ ಒಳ್ಳೆ ಟೇಬಲ್ ಹುಡುಕಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಬರುವ ಹುಡುಗರು ನನಗೆ ಗೊತ್ತು. ಅವರಿಗೆ ಇಲ್ಲಿ ಸಿಗುವುದೂ ಅದೇ ಸೋತವನ ಬಿಲ್.

ಹಾಗಾಗಿ ಮಾಲೀಕರಲ್ಲಿ ನನ್ನ ಕೇಳಿಕೆ ಸಣ್ಣದು. ಬೆಳಿಗ್ಗೆ ಹೊತ್ತು ನಿಮ್ಮ ಟೇಬಲ್‌ಗಳು ಹೇಗೂ ಖಾಲಿ ಬಿದ್ದಿರುತ್ತವೆ, ಫ್ಯಾನ್ ಹಾಕಿಕೊಂಡು ನಿಮ್ಮ ಹುಡುಗ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಆ ಹೊತ್ತಿಗೆ ಒಬ್ಬರೇ ಆಡುವವರಿಗೆ ಅರ್ಧ ರೇಟು ಇಡಿ. ಬಾಗದ ನಾಲ್ಕು ಕ್ಯೂ ಬೇರೆಯಾಗಿ ತೆಗೆದಿಡಿ. ಮೊಬೈಲ್ ನಿಲ್ಲಿಸೋಕೆ ಟೇಬಲ್ ತುದಿಯಲ್ಲಿ ಒಂದು ಸ್ಟೂಲ್ ಇದ್ದರೆ ಸಾಕು, ಸ್ಲೋ ಮೋಷನ್‌ನಲ್ಲಿ ಕ್ಯೂಗೆ ನೇರವಾಗಿ ಹಿಂದಿನಿಂದ ಹಿಡಿದ ವಿಡಿಯೋ ಮೊಣಕೈ ಎತ್ತ ಹೋಗುತ್ತದೆ, ತಲೆ ಯಾವಾಗ ಏಳುತ್ತದೆ ಅಂತ ಮುಲಾಜಿಲ್ಲದೆ ತೋರಿಸುತ್ತದೆ. ತಿಂಗಳಿಗೆ ಒಂದು ಭಾನುವಾರ ನಿಮ್ಮ ಹಳೆ ಮಾರ್ಕರ್‌ಗೇ ನಾಲ್ಕು ಕಾಸು ಕೊಟ್ಟು ಹೊಸಬರ ಕೈ ನೋಡೋಕೆ ಹೇಳಿ. ಅವರಿಗೆ ಗೊತ್ತಿರುವುದು ಯಾವ ಡಬ್ಬಿಯಲ್ಲೂ ಬರಲ್ಲ.

ಬಾಲ್ ಇಡುವ ಜಾಗಕ್ಕೆ ಸ್ಟಿಕ್ಕರ್ ಅಂಟಿಸಬೇಡಿ ಅಂತ ನೀವು ಹೇಳುವುದು ನ್ಯಾಯವೇ. ಗೋಂದು ಬಟ್ಟೆ ಹಾಳು ಮಾಡುತ್ತದೆ, ಹೊಸ ಬಟ್ಟೆಗೆ ಎಷ್ಟಾಗುತ್ತದೆ ಅಂತ ನಮಗೂ ಗೊತ್ತು. ಚಾಕ್‌ನಿಂದ ಒಂದು ಸಣ್ಣ ಚುಕ್ಕೆ ಇಡೋಕಾದರೂ ಬಿಡಿ. ಹೋಗುವಾಗ ಬಾಕ್ (ಆಟ ಶುರುಮಾಡುವ ತುದಿ) ಕಡೆಯಿಂದ ಕಪ್ಪು ಬಾಲ್ ಕಡೆಗೆ ಬ್ರಷ್ ನಾವೇ ಹೊಡೆದು ಹೋಗುತ್ತೇವೆ.

— ಸ್ನೂಕರ್ ಆಡುವ ಒಬ್ಬ ಓದುಗ
ವಿದ್ಯಾನಗರ, ಹುಬ್ಬಳ್ಳಿ