ಟಿಲ್ಲರ್ ಕತೆಯ ಉಳಿದ ಅರ್ಧ

ಮಂಜ,

ಹೇಗಿದ್ದೀಯ?  

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಗೃಹಪ್ರವೇಶದ ದಿನ ನಾನು ಹೇಳಿದ ಅಪ್ಪನ ಟಿಲ್ಲರ್ ಕತೆ ಕೇಳಿ ನಕ್ಕವರೆಲ್ಲ ಇದ್ದಾರಲ್ಲ. ಅವರೂ ಓದಲಿ.

ಹಾಸ್ಟೆಲಿನಲ್ಲಿ ನಾನು ಅಮೆರಿಕದ ಕಂಟ್ರಿ ಹಾಡು, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡು ಹಾಕಿದಾಗಲೆಲ್ಲ 'ಶುರುವಾಯ್ತು ಗೋಳು' ಅಂತಿದ್ದೆ ನೀನು. ಕುಡಿತ, ರೈಲು, ಜೈಲು ಬಿಟ್ಟರೆ ಇವರಿಗೆ ಬೇರೆ ಏನೂ ಗೊತ್ತಿಲ್ವಾ ಅಂತ ಕೇಳ್ತಿದ್ದೆ. ಆ ಹಾಡುಗಾರರಿಗೂ ಅದು ಚೆನ್ನಾಗಿ ಗೊತ್ತು ಕಣೋ. ಸ್ಟೀವ್ ಗುಡ್‌ಮನ್ ಬರೆದ ಒಂದು ಹಾಡನ್ನು 1975ರಲ್ಲಿ ಡೇವಿಡ್ ಅಲನ್ ಕೋ ಹಾಡಿದ. ಅಮ್ಮ, ರೈಲು, ಟ್ರಕ್ಕು, ಜೈಲು, ಕುಡಿತ ಇಷ್ಟೂ ಇಲ್ಲದಿದ್ದರೆ ಅದು ಪರಿಪೂರ್ಣ ಕಂಟ್ರಿ ಹಾಡಲ್ಲ ಅಂತ ಅವನೇ ಮಧ್ಯೆ ಹಾಡು ನಿಲ್ಲಿಸಿ ಹೇಳುತ್ತಾನೆ. ಆಮೇಲೆ ಐದನ್ನೂ ಒಂದೇ ಚರಣಕ್ಕೆ ತುಂಬುತ್ತಾನೆ. ಅಮ್ಮ ಜೈಲಿನಿಂದ ಬಿಡುಗಡೆಯಾದ ದಿನ ಮಗ ಕುಡಿದಿರುತ್ತಾನೆ. ಮಳೆಯಲ್ಲಿ ಟ್ರಕ್ಕು ಓಡಿಸಿಕೊಂಡು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಅಮ್ಮನ ಮೇಲೆ ರೈಲು ಹರಿದಿರುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಆದರೆ ಈ ಹಾಡುಗಾರರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಜಾರ್ಜ್ ಜೋನ್ಸ್. ಕುಡಿದು ಕುಡಿದು ಎಷ್ಟೋ ಕಾರ್ಯಕ್ರಮಗಳಿಗೆ ಕೈಕೊಟ್ಟ ಮನುಷ್ಯ. ಜನ 'ನೋ ಶೋ ಜೋನ್ಸ್', ಅಂದರೆ ಬರದೇ ಇರೋ ಜೋನ್ಸ್ ಅಂತ ಹೆಸರಿಟ್ಟರು. ಅವನು ಅದನ್ನೇ ಹಾಡು ಮಾಡಿಕೊಂಡು 1982ರಲ್ಲಿ ಮರ್ಲ್ ಹ್ಯಾಗರ್ಡ್ ಜೊತೆ ಹಾಡಿದ. ಕಾರ್ಯಕ್ರಮಗಳನ್ನೂ ಅದೇ ಹಾಡಿನಿಂದ ಶುರು ಮಾಡುತ್ತಿದ್ದ. ಟೆಕ್ಸಾಸಿನಲ್ಲಿ ಹೆಂಡತಿ ಕಾರಿನ ಕೀಗಳನ್ನೆಲ್ಲ ಬಚ್ಚಿಟ್ಟಾಗ, ಹುಲ್ಲು ಕತ್ತರಿಸುವ ಗಾಡಿ ಹತ್ತಿಕೊಂಡು ಹೆಂಡದಂಗಡಿಗೆ ಹೋದವನು ಇವನೇ. 1996ರಲ್ಲಿ ಬಂದ ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅದಕ್ಕೂ ಮೊದಲೇ, 1993ರಲ್ಲಿ, ವಿನ್ಸ್ ಗಿಲ್ ಅಂಥದೇ ಒಂದು ತಮಾಷೆ ಇಟ್ಟು ಹಾಡು ಮಾಡಿದ್ದ. ಅದರ ವಿಡಿಯೋದಲ್ಲಿ ಜೋನ್ಸ್ ಅಂಥ ಗಾಡಿಯ ಮೇಲೆ ಕೂತು ಬರುತ್ತಾನೆ.

ಈಗ ನಮ್ಮಪ್ಪನ ಟಿಲ್ಲರ್. ಅಮ್ಮ ಬೈಕಿನ ಕೀ ಬಚ್ಚಿಟ್ಟಿದ್ದಳು. ಅಪ್ಪ ಗದ್ದೆ ಉಳುವ ಪವರ್ ಟಿಲ್ಲರಿಗೆ ಟ್ರೈಲರ್ ಸಿಕ್ಕಿಸಿಕೊಂಡು ಸಾರಾಯಿ ಅಂಗಡಿಗೆ ಹೊರಟ. ಹಿಂದೆ ನಡೆದು ಬರುತ್ತಿದ್ದವರು ಅವನನ್ನು ದಾಟಿಕೊಂಡು ಹೋದರು. ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ. ಟಿಲ್ಲರಿನ ಸದ್ದು ನಿನ್ನದು, ಅಪ್ಪನ ದನಿ ನನ್ನದು.

ಅವತ್ತು ನಿನ್ನ ಮನೆಯಲ್ಲೂ ಹೇಳಿದೆವು. ಅಮ್ಮ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರ ಜೊತೆ ಸ್ವಲ್ಪ ನಕ್ಕಳು. ಆಮೇಲೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಲೋಟಗಳನ್ನು ಎತ್ತು ಅಂತ ಯಾರೂ ಹೇಳಿರಲಿಲ್ಲ.

ರಾತ್ರಿ ಲೊರೆಟಾ ಲಿನ್ ಕೇಳುತ್ತಾ ಕೂತೆ. ಕುಡಿದು ಬಂದು ನನ್ನ ಮುದ್ದು ಮಾಡೋಕೆ ಬರಬೇಡ ಅಂತ ಗಂಡನಿಗೆ ಹೇಳುವ ಹಾಡು. 1967ರಲ್ಲಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಅದರಲ್ಲೂ ನಗು ಇದೆ. ಆದರೆ ನಗಿಸುತ್ತಿರುವವಳು ರಾತ್ರಿಯೆಲ್ಲ ಕಾದು ಕೂತವಳು. ಕೀ ಬಚ್ಚಿಟ್ಟವಳ ಕತೆಯನ್ನು ನಾನು ಒಂದು ಸಲವೂ ಹೇಳಿಲ್ಲ, ಮಂಜ.

ಹೇಳದೆ ಇದ್ದಿದ್ದಕ್ಕೆ ಕಾರಣ ಇದೆ. ಟಿಲ್ಲರ್ ಕತೆ ಅಂಗಡಿ ಮುಂದೆ ಮುಗಿಯಲಿಲ್ಲ. ಮಾರನೇ ದಿನ ಅಮ್ಮ ಟಿಲ್ಲರ್ ಸ್ಟಾರ್ಟ್ ಮಾಡುವ ಹ್ಯಾಂಡಲ್ಲನ್ನೂ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟಳು. ನಾನು ನೋಡಿದ್ದೆ. ಸಂಜೆ ಅಪ್ಪ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, 'ಪುಟ್ಟ, ಎಲ್ಲಿಟ್ಟಿದ್ದಾಳೋ?' ಅಂದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದೇ ಅಪರೂಪ. ಮೊಣಕೈವರೆಗೆ ಕೈ ಹಾಕಿ ತೆಗೆದುಕೊಟ್ಟೆ. ನನಗೆ ಆಗ ಹನ್ನೊಂದು ವರ್ಷ. ಅಂಗಿ ತೋಳಿಗೆಲ್ಲ ಅಕ್ಕಿ ಹಿಟ್ಟು ಮೆತ್ತಿಕೊಂಡಿತ್ತು. ಅಮ್ಮ ಕೊಟ್ಟಿಗೆಯಿಂದ ಬಂದು ನೆಲದ ಮೇಲೆ ಚೆಲ್ಲಿದ ಅಕ್ಕಿ ನೋಡಿದಳು. ನನ್ನ ತೋಳು ನೋಡಿದಳು. ಕೂತು ಒಂದೊಂದೇ ಕಾಳು ಆಯ್ದು ಮೊರಕ್ಕೆ ಹಾಕಿಕೊಂಡಳು. ಒಂದು ಮಾತೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಜೋನ್ಸ್ ಹಾಡು ಚೆನ್ನಾಗಿದೆ, ಕೇಳು ಅಂತ ಹೇಳೋಣ ಅಂದುಕೊಂಡಿದ್ದೆ. ಅದೂ ನಿಜ, ಕೇಳು.

ಭಾನುವಾರ ಬರ್ತೀಯಲ್ಲ? ಅಮ್ಮ ಕೋಳಿ ಸಾರು, ಮುದ್ದೆ ಮಾಡ್ತಾಳಂತೆ. ಈ ಸಲ ಕತೆ ನಾನು ಹೇಳಲ್ಲ, ಅಮ್ಮನನ್ನೇ ಕೇಳೋಣ. ಅವಳು ಹೇಳಿದರೆ ಟಿಲ್ಲರಿನ ಸದ್ದು ನೀನೇ ಮಾಡಬೇಕು, ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ. 

ನಿನ್ನ,
ಪುಟ್ಟ