ಪಿಯಾನೊ ಮುಂದೆ ಕೂರೋಕೆ ಹೆದರುವವಳಿಗೆ

ಚಿನ್ನು,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯೋಣ ಅಂತ ಕೂತಿದ್ದೆ, ಆಗಲಿಲ್ಲ. ಕೆಲಸ, ಮಗು, ಹೊಸ ಮನೆ, ನಿಮ್ಮ ಅತ್ತೆಯವರ ಮೊಣಕಾಲು, ಇದೆಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಅದರ ಬಗ್ಗೆ ನಾನು ಬರೆಯುವುದಿಲ್ಲ. ಆದರೆ ಕೊನೆಯಲ್ಲಿ, ಹೆಸರು ಬರೆಯುವುದಕ್ಕೆ ಸ್ವಲ್ಪ ಮುಂಚೆ, ಸುಮ್ನೆ ಬರೆದೆ ಅನ್ನೋ ಹಾಗೆ ಒಂದು ಮಾತು ಸೇರಿಸಿದ್ದೀಯ. ಪಿಯಾನೊ ಮುಚ್ಚಳ ತೆಗೆಯೋಕೇ ಧೈರ್ಯ ಬರ್ತಿಲ್ಲ ದೊಡ್ಡಮ್ಮ, ತೆಗೆದು ಕೂತ ಮೇಲೆ ಕೈಯಲ್ಲಿ ಏನೂ ಉಳಿದಿಲ್ಲ ಅಂತ ಗೊತ್ತಾಗಿಬಿಟ್ಟರೆ ಏನು ಮಾಡಲಿ, ಅಂತ. ಆ ಸಾಲು ನನ್ನನ್ನು ನಿದ್ದೆ ಮಾಡೋಕೆ ಬಿಡ್ತಿಲ್ಲ.

ಅಭ್ಯಾಸ ಮಾಡು, ಎಲ್ಲಾ ವಾಪಸ್ ಬರುತ್ತೆ ಅಂತ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಕ್ಕಿರುತ್ತಾರೆ. ನಾನು ಹಾಗೆ ಹೇಳಲಾರೆ. ನಿನಗೆ ಸಮಯವಿಲ್ಲ ಅಂತಾಗಲಿ, ಸೋಮಾರಿತನ ಅಂತಾಗಲಿ ನೀನು ಬರೆದಿಲ್ಲ. ಭಯ ಅಂತ ಬರೆದಿದ್ದೀಯ. ಆ ಭಯ ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಹೊಟ್ಟೆಯಲ್ಲಿ ಸಂಕಟ.

ಮೇರಿ ಲೂ ವಿಲಿಯಮ್ಸ್ ಅಂತ ಅಮೆರಿಕದ ಒಬ್ಬ ಜಾಝ್ ಪಿಯಾನೊದವಳ ವಿಷಯ ನಿನಗೆ ಯಾವತ್ತೋ ಹೇಳಬೇಕಿತ್ತು. ನೀನು ಮಾಂಕ್, ಬಡ್ ಪವೆಲ್ ಅಂತ ಕುಣಿಯುತ್ತಿದ್ದೆಯಲ್ಲ, ಆ ಜಾಝ್ ಪಿಯಾನೊದವರಿಬ್ಬರೂ ಎಳೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ಈಕೆಯ ಮನೆಗೆ ಬಂದು, ಈಕೆಯ ಪಿಯಾನೊ ಮೇಲೆ ತಾವು ಕಟ್ಟಿದ್ದನ್ನು ನುಡಿಸಿ ತೋರಿಸಿ, ಹೇಗಿದೆ ಅಂತ ಕೇಳುತ್ತಿದ್ದರು. ನಾನು ಪಿಟ್ಸ್‌ಬರ್ಗಿನಲ್ಲಿ ಮಗನ ಮನೆಯಲ್ಲಿದ್ದಾಗ ಸೊಸೆ ಅಲ್ಲಿನ ಈಸ್ಟ್ ಲಿಬರ್ಟಿ ಬಡಾವಣೆಯ ಲೈಬ್ರರಿಯಿಂದ ಆಕೆಯ ಒಂದು ಸಿಡಿ ತಂದುಕೊಟ್ಟಳು. ಅಮ್ಮಾ, ಈಕೆ ಇದೇ ಬೀದಿಗಳಲ್ಲಿ ಬೆಳೆದವಳಂತೆ ಅಂದಳು. ಕೇಳಿದೆ. ಎಡಗೈ ಕೇಳಿದ ಕೂಡಲೇ ಎದ್ದು ಕೂತೆ. ಕೆಳಗಿನ ಸ್ವರ, ಮೇಲೊಂದು ಸ್ವರಗಳ ಗೊಂಚಲು, ಮತ್ತೆ ಕೆಳಗಿನ ಸ್ವರ, ಮತ್ತೆ ಗೊಂಚಲು, ಕೈ ಆ ಕಡೆಗೂ ಈ ಕಡೆಗೂ ಹಾರುತ್ತಾ ಲಯ ಒಂದು ಕೂದಲಿನಷ್ಟೂ ಅಲುಗದೆ ನಡೆಯುತ್ತೆ. ನಿನ್ನ ಟೀಚರು ಅದಕ್ಕೆ ಸ್ಟ್ರೈಡ್ ಅಂತ ಹೇಳಿಕೊಟ್ಟಿರಬೇಕು.

ಆಕೆ ಹುಟ್ಟಿದ್ದು 1910ರಲ್ಲಿ, ಅಟ್ಲಾಂಟಾದಲ್ಲಿ. ತಾಯಿ ಚರ್ಚಿನ ಸಂಗೀತ ನುಡಿಸುತ್ತಿದ್ದವಳು. ಮನೆಯಲ್ಲಿ ಕಾಲಿನಲ್ಲಿ ಗಾಳಿ ಒತ್ತುವ ರೀಡ್ ಆರ್ಗನ್ ಇತ್ತು, ನಮ್ಮ ನಾಟಕ ಕಂಪನಿಗಳ ಕಾಲ್ಪೇಟಿಯ ಜಾತಿಯದ್ದೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನುಡಿಸುತ್ತಿದ್ದಳಂತೆ. ಮೂರು ವರ್ಷದ ಕೂಸು ಒಂದು ದಿನ ಅಮ್ಮ ಆಗಷ್ಟೇ ನುಡಿಸಿದ್ದನ್ನು ತಾನೇ ಕೈ ಚಾಚಿ ನುಡಿಸಿಬಿಟ್ಟಿತು. ಅವಳು ಮಗುವನ್ನು ಅಲ್ಲೇ ಬಿಟ್ಟು ಅಕ್ಕಪಕ್ಕದವರನ್ನು ಕರೆಯೋಕೆ ಓಡಿದಳು. ಆದರೂ ಮಗಳಿಗೆ ಮೇಷ್ಟರನ್ನು ಇಡಲಿಲ್ಲ. ಪಾಠ ಕಲಿತ ಮೇಲೆ ತನಗೆ ಬರೆದದ್ದನ್ನು ಬಿಟ್ಟು ಬೇರೆ ನುಡಿಸೋಕೆ ಬಾರದಂತಾಯಿತು, ಮಗಳಿಗೆ ಹಾಗಾಗಬಾರದು ಅಂತ. ಅದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತೀರ್ಮಾನ ಮಾಡೋಕೆ ಆಗಿಲ್ಲ. ನಿನ್ನನ್ನು ಗ್ರೇಡ್ ಪರೀಕ್ಷೆಗಳಿಗೆ ಓಡಿಸಿದಾಗ ನನಗೆ ಈ ತಾಯಿ ನೆನಪಾಗುತ್ತಿದ್ದಳು, ನಿಮ್ಮಮ್ಮನಿಗೆ ಹೇಳೋಕೆ ಹೋಗಲಿಲ್ಲ.

ಪಿಟ್ಸ್‌ಬರ್ಗಿಗೆ ಬಂದ ಮೇಲೆ, ಕರಿಯರು ಬಂದರು ಅಂತ ಬಿಳಿಯ ನೆರೆಯವರು ಮನೆಗೆ ಇಟ್ಟಿಗೆ ಎಸೆಯುತ್ತಿದ್ದರು. ಈ ಪುಟ್ಟ ಹುಡುಗಿ ಅವರ ಮನೆಗಳಿಗೇ ಹೋಗಿ ಪಿಯಾನೊ ನುಡಿಸಿದ ಮೇಲೆ ಅದು ನಿಂತಿತಂತೆ. ಪುಟ್ಟ ಪಿಯಾನೊ ಹುಡುಗಿ ಅಂತಲೇ ಹೆಸರಾಯಿತು.

ಮದುವೆ, ಊರೂರು ಅಲೆದಾಟ. ಆಂಡಿ ಕರ್ಕ್ ಅನ್ನುವವನ ಬ್ಯಾಂಡಿನಲ್ಲಿ ಗಂಡ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಬ್ಯಾಂಡಿಗೆ ಬೇರೆ ಪಿಯಾನೊದವನಿದ್ದ. ಈಕೆ ಹೊರಗೆ ಕಾರಿನಲ್ಲಿ ಕೂತಿರಬೇಕು. ನಡುರಾತ್ರಿ ದಾಟಿದ ಮೇಲೆ ಜನರನ್ನು ಕುಣಿಸಬೇಕು ಅಂತಾದರೆ ಒಳಗೆ ಕರೆದು ಬೂಗಿ-ವೂಗಿ ಅನ್ನುವ ಕುಣಿತದ ತುಣುಕು ಒಂದೆರಡು ನುಡಿಸಿಸಿ ಮತ್ತೆ ಹೊರಗೆ. ಕತ್ತಲಲ್ಲಿ ಕಾರಿನೊಳಗೆ ಕೂತು, ಒಳಗಿಂದ ಬರುವ ಪಿಯಾನೊ ತನ್ನದಲ್ಲ ಅಂತ ಕೇಳುತ್ತಾ ಇದ್ದ ಹುಡುಗಿಯನ್ನು ಸ್ವಲ್ಪ ಯೋಚಿಸಿ ನೋಡು. 1929ರಲ್ಲಿ ರೆಕಾರ್ಡಿಂಗಿಗೆ ಆ ಪಿಯಾನೊದವನು ಬರಲಿಲ್ಲ. ಈಕೆ ಕೂತಳು. ಆಮೇಲೆ ಅದು ಈಕೆಯ ಬ್ಯಾಂಡೇ ಆಗಿಹೋಯಿತು, ಬರೆದದ್ದು, ಹೊಂದಿಸಿದ್ದು ಎಲ್ಲಾ ಈಕೆಯೇ. ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್ ಅಂಥ ಹೆಸರಾಂತ ಬ್ಯಾಂಡಿನವರೂ ಆಕೆಯಿಂದ ಬರೆಸಿಕೊಂಡರು. 1945ರಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ರಚನೆ ಮಾಡಿದಳು. ನೀನು ಕನ್ಯಾ ರಾಶಿಯವಳು, ನಿನ್ನದೂ ಇದೆ ಅದರಲ್ಲಿ.

ಇಷ್ಟೆಲ್ಲಾ ಹೇಳಿದ್ದು ಮುಂದಿನ ಮಾತಿಗೋಸ್ಕರ. 1954. ಪ್ಯಾರಿಸ್. ಆಕೆಗೆ ನಲವತ್ತನಾಲ್ಕು. ಯುರೋಪಿಗೆ ಹೋಗಿ ಎರಡು ವರ್ಷವಾಗುತ್ತಾ ಬಂದಿತ್ತು, ದುಡ್ಡಿನ ತಾಪತ್ರಯ, ಆಯಾಸ, ಗೆಳೆಯನಾಗಿದ್ದ ಒಬ್ಬ ಪಿಯಾನೊದವನ ಸಾವು ಬೇರೆ. ಒಂದು ರಾತ್ರಿ ಕ್ಲಬ್ಬಿನಲ್ಲಿ ನುಡಿಸುತ್ತಿದ್ದವಳು ಎದ್ದು ಹೊರಗೆ ನಡೆದುಬಿಟ್ಟಳು. ಎದ್ದಳು, ಅಷ್ಟೇ. ಆಮೇಲೆ ಸುಮಾರು ಮೂರು ವರ್ಷ ವೇದಿಕೆ ಹತ್ತಲಿಲ್ಲ.

ಮೂರು ವರ್ಷ, ಚಿನ್ನು. ಮೂರನೇ ವಯಸ್ಸಿನಿಂದ ನುಡಿಸುತ್ತಾ ಬಂದವಳು. ಆ ಮೂರು ವರ್ಷ ಏನು ಮಾಡಿದಳು ಅಂದರೆ, ನ್ಯೂಯಾರ್ಕಿಗೆ ವಾಪಸ್ ಬಂದು ಚರ್ಚುಗಳಲ್ಲಿ ಗಂಟೆಗಟ್ಟಲೆ ಪ್ರಾರ್ಥನೆಗೆ ಕೂತಳು. ನಶೆಗೆ ಬಿದ್ದು ಹಾಳಾಗುತ್ತಿದ್ದ ಸಂಗೀತಗಾರರನ್ನು ಮನೆಗೆ ತಂದು ಇಟ್ಟುಕೊಂಡಳು, ಅನ್ನ ಹಾಕಿದಳು. 1955ರಲ್ಲಿ ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರ್ ಸತ್ತ ಕಾಲ ಅದು, ಆಕೆಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಹೊರಗಿಂದ ನೋಡಿದವರಿಗೆ ಮೇರಿ ಲೂ ಮುಗಿದಳು ಅಂತಲೇ ಅನ್ನಿಸಿರಬೇಕು. ಆಕೆಗೇ ಅನ್ನಿಸಿತ್ತೋ ಏನೋ.

ಇದನ್ನು ಓದಿದಾಗಲೆಲ್ಲಾ ನನಗೆ ನನ್ನ ಪೇಟಿ ನೆನಪಾಗುತ್ತದೆ. ನಿಮ್ಮಮ್ಮ ನಿನಗೆ ಹೇಳಿರಲಾರಳು, ಅವಳಾಗ ಚಿಕ್ಕವಳು. ಧಾರವಾಡದಲ್ಲಿ ಮಾಸ್ತರರ ಹತ್ತಿರ ಹಾರ್ಮೋನಿಯಂ ಕಲಿತೆ. ಸಂಜೆ ಹೊತ್ತು ಅವರ ಮನೆ ಪಡಸಾಲೆಯಲ್ಲಿ ಭೂಪ ರಾಗದ ಗತ್ ಅನ್ನುವ ಒಂದು ರಚನೆಯನ್ನು ಎಷ್ಟು ಸಾರಿ ನುಡಿಸಿದ್ದೇನೋ, ಎಡಗೈ ತಿದಿ ಒತ್ತಿ ಒತ್ತಿ ಹೆಬ್ಬೆರಳಿನ ಬುಡ ಗಟ್ಟಿಯಾಗಿತ್ತು. ಮದುವೆಯಾದಾಗ ಪೇಟಿ ನನ್ನ ಜೊತೆ ಬಂತು. ಮಂಚದ ಕೆಳಗೆ ಇಟ್ಟೆ, ಹಳೆ ಸೀರೆ ಸುತ್ತಿ. ಯಾರೂ ಬೇಡ ಅನ್ನಲಿಲ್ಲ. ಮಾವನವರಂತೂ ಒಂದೆರಡು ಸಾರಿ ನುಡಿಸಮ್ಮ ಅಂತ ಕೇಳಿದ್ದರು. ಮಕ್ಕಳು ಮಲಗಲಿ, ಹಬ್ಬ ಮುಗಿಯಲಿ ಅಂತ ಹೇಳುತ್ತಾ ಹೋದೆ. ಮೊದಮೊದಲು ಅದು ನಿಜವೇ. ಆಮೇಲೆ ಮಕ್ಕಳು ಶಾಲೆಗೆ ಹೋದರು, ಮಧ್ಯಾಹ್ನವೆಲ್ಲಾ ಮನೆಯಲ್ಲಿ ನಾನೊಬ್ಬಳೇ, ಕೈಗೆ ಕೆಲಸವೂ ಇರುತ್ತಿರಲಿಲ್ಲ. ಮಂಚದ ಕೆಳಗೆ ಗುಡಿಸುವಾಗ ಪೊರಕೆ ಪೇಟಿಗೆ ತಗಲುತ್ತಿತ್ತು. ಆಗಲೂ ತೆಗೆಯಲಿಲ್ಲ. ನೀನು ಬರೆದಿದ್ದೀಯಲ್ಲ, ಅದೇ ಕಾರಣ. ಮುಚ್ಚಿದ್ದಷ್ಟು ದಿನ ನನಗೆ ಪೇಟಿ ಬರುತ್ತೆ ಅಂತ ಅಂದುಕೊಂಡಿರಬಹುದಿತ್ತು. ತೆಗೆದರೆ ಆ ಮಾತೂ ಹೋಗಬಹುದು.

ಧಾರವಾಡದ ಮನೆ ಬಿಡುವಾಗ ಅದನ್ನು ಒಂದು ಭಜನಾ ಮಂಡಳಿಯವರು ತೆಗೆದುಕೊಂಡು ಹೋದರು. ನನ್ನ ಕೈಯಲ್ಲಿ ಏನಾದರೂ ಉಳಿದಿತ್ತೋ ಇಲ್ಲವೋ, ನನಗೆ ಗೊತ್ತಾಗಲೇ ಇಲ್ಲ. ಏನೂ ಉಳಿದಿಲ್ಲ ಅಂತ ಗೊತ್ತಾಗಿದ್ದರೂ ಒಂದು ವಾರ ಅತ್ತು ಸುಮ್ಮನಾಗುತ್ತಿದ್ದೆ. ಹೀಗೆ ಗೊತ್ತೇ ಆಗದೆ ಇರುವುದು ಈ ವಯಸ್ಸಿನಲ್ಲೂ ಕಾಡುತ್ತದೆ.

ಸರಿ, ಮೇರಿ ಲೂ ವಿಷಯಕ್ಕೆ ಬರುತ್ತೇನೆ. 1957ರಲ್ಲಿ ಆಕೆ ಕ್ಯಾಥೊಲಿಕ್ ಆದಳು. ಪರಿಚಯದ ಪಾದ್ರಿಗಳು, ನಿನ್ನ ಪ್ರಾರ್ಥನೆಯನ್ನು ಪಿಯಾನೊದಲ್ಲೇ ಮಾಡಬಹುದಲ್ಲ ಅಂತ ಒತ್ತಾಯ ಮಾಡಿದರು. ಟ್ರಂಪೆಟ್ ನುಡಿಸುವ ಡಿಝಿ ಗಿಲೆಸ್ಪಿಯೂ ಬಿಡಲಿಲ್ಲ. ಆ ವರ್ಷದ ಜುಲೈನಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅವನ ದೊಡ್ಡ ಬ್ಯಾಂಡಿನ ಜೊತೆ ಕೂತಳು. ಏನು ನುಡಿಸಿದಳು ಗೊತ್ತಾ? ಆ ರಾಶಿಗಳ ರಚನೆಯಲ್ಲೇ ಮೂರು ಭಾಗ, ಕನ್ಯಾ, ತುಲಾ, ಮೇಷ. ಹನ್ನೆರಡು ವರ್ಷ ಹಿಂದೆ ತಾನೇ ಮಾಡಿದ್ದು. ಬ್ಯಾಂಡಿಗೆ ಅದನ್ನು ಹೊಂದಿಸಿದವಳು ಮೆಲ್ಬಾ ಲಿಸ್ಟನ್ ಅಂತ ಇನ್ನೊಬ್ಬ ಹೆಂಗಸು, ಟ್ರಾಂಬೋನ್ ನುಡಿಸುವವಳು. ಆ ಸಂಜೆಯ ರೆಕಾರ್ಡಿಂಗ್ ಇದೆ, ಕೇಳು. ಅಲ್ಲಿ ಆಕೆ ಯಾರಿಗೂ ಏನನ್ನೂ ಸಾಬೀತು ಮಾಡೋಕೆ ಹೊರಟ ಹಾಗೆ ನನಗೆ ಕೇಳಿಸುವುದಿಲ್ಲ. ತನ್ನ ಮನೆಯ ಬೀಗ ತಾನೇ ತೆಗೆದು ಒಳಗೆ ಬಂದವಳ ಹಾಗಿದೆ.

ಆ ಮೂರು ವರ್ಷದ ನಂತರ ಆಕೆಯ ಕೈ ಮೊದಲಿನ ಹಾಗೇ ಇತ್ತು ಅಂತ ನಾನು ಹೇಳುತ್ತಿಲ್ಲ. ಬೇರೆಯಾಗಿತ್ತು ಅಂತಲೇ ನನಗನ್ನಿಸುವುದು. ಮುಂಚೆ ಜಾಸ್ತಿ ನುಡಿಸುತ್ತಿದ್ದಳು. ಆಮೇಲಿನ ರೆಕಾರ್ಡುಗಳಲ್ಲಿ ನಡುನಡುವೆ ಬಿಡುವು ಇದೆ, ಒಂದು ಗೊಂಚಲು ಒತ್ತಿ ಅದು ಆರುವವರೆಗೆ ಕಾಯುತ್ತಾಳೆ. ಚರ್ಚಿಗೆ ಅಂತ ಬರೆಯತೊಡಗಿದ್ದೂ ಆಮೇಲೆಯೇ. ಮಾರ್ಟಿನ್ ಡಿ ಪೊರೆಸ್ ಅನ್ನುವ ಪೆರು ದೇಶದ ಕರಿಯ ಸಂತನ ಮೇಲೆ ಒಂದು ಸ್ತುತಿ ಇದೆ, ರಾತ್ರಿ ಹೊತ್ತು ಕೇಳಿದರೆ ಎದೆ ತುಂಬಿ ಬರುತ್ತದೆ. ಕ್ಯಾಥೊಲಿಕ್ ಪೂಜೆಗೆ ಅಂತ ಆಕೆ ಬರೆದ ಮಾಸ್‌ಗೆ ಆಲ್ವಿನ್ ಐಲಿ 1971ರಲ್ಲಿ ನೃತ್ಯ ಕಟ್ಟಿದ. 1975ರಲ್ಲಿ ಅದನ್ನು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲೇ ನುಡಿಸಿದಳು. 1977ರಲ್ಲಿ ಕಾರ್ನೆಗಿ ಹಾಲಿನಲ್ಲಿ, ತನಗಿಂತ ತುಂಬಾ ಚಿಕ್ಕವನಾದ, ತಾಳ ಶ್ರುತಿ ಎಲ್ಲಾ ಒಡೆದು ನುಡಿಸುವ ಸೆಸಿಲ್ ಟೇಲರ್ ಎದುರಿಗೆ ಇನ್ನೊಂದು ಪಿಯಾನೊ ಹಾಕಿಕೊಂಡು ಕೂತಳು. ಅದು ನನಗೆ ಅಷ್ಟು ಒಗ್ಗುವುದಿಲ್ಲ, ನಿನಗೆ ಇಷ್ಟವಾಗಬಹುದು. ಅದೇ ವರ್ಷದಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಡುಗರಿಗೆ ಹೇಳಿಕೊಟ್ಟಳು, 1981ರಲ್ಲಿ ತೀರಿಕೊಳ್ಳುವವರೆಗೂ. ಅಲ್ಲಿ ಆಕೆಯ ಹೆಸರಿನಲ್ಲಿ ಈಗ ಒಂದು ಕೇಂದ್ರವಿದೆ, ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ 1996ರಲ್ಲಿ ಆಕೆಯ ಹೆಸರಿನ ಉತ್ಸವ ಶುರುವಾಯಿತು. ಇದೆಲ್ಲಾ ಎದ್ದು ಹೋದ ಆ ರಾತ್ರಿಯ ಆಚೆಗೆ ಬಂದದ್ದು, ಕಣಮ್ಮ.

ಆಕೆ ಎಲ್ಲಿ ನೀನೆಲ್ಲಿ ಅಂತ ನೀನು ಅನ್ನುತ್ತೀಯ, ಗೊತ್ತು. ನೀನು ದೊಡ್ಡ ಕಲಾವಿದೆ ಆಗು ಅಂತ ನಾನು ಈ ಕಥೆ ಹೇಳುತ್ತಿಲ್ಲ. ಹೋಲಿಕೆ ಅಷ್ಟೊಂದು ಸರಿಯಿಲ್ಲ ಅಂತ ನನಗೂ ಗೊತ್ತು. ಆಕೆಗೆ ಬೇಸರವಾಗಿ ಎದ್ದು ಹೋದಳು, ನಿನಗೆ ಮಗು ಆಯಿತು, ಕೆಲಸ ಹೆಚ್ಚಾಯಿತು, ನಿಧಾನವಾಗಿ ನಿಂತಿತು. ಆದರೆ ವಾಪಸ್ ಕೂರುವ ಆ ಮೊದಲ ಗಳಿಗೆ ಇಬ್ಬರಿಗೂ ಒಂದೇ ಅಲ್ವಾ? ಹೆಸರು ಮಾಡಿದವಳಿಗೆ ಆ ಗಳಿಗೆ ಇನ್ನೂ ಕಷ್ಟ, ಅಷ್ಟು ಜನ ನೋಡುತ್ತಿರುತ್ತಾರೆ. ನಿನ್ನನ್ನು ಯಾರೂ ನೋಡುತ್ತಿಲ್ಲ. ಇದು ಸಮಾಧಾನದ ಮಾತೋ ಅಲ್ಲವೋ ಗೊತ್ತಿಲ್ಲ, ನನಗಂತೂ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಏನು ಮಾಡಬೇಕು ಅಂತ ಹೇಳುವಷ್ಟು ನನಗೆ ಪಿಯಾನೊ ಗೊತ್ತಿಲ್ಲ. ಎರಡು ಮೂರು ಮಾತು ಅಷ್ಟೇ, ಸರಿ ಅನ್ನಿಸಿದರೆ ತೆಗೆದುಕೋ. ಪರೀಕ್ಷೆಗೆ ನುಡಿಸಿದ ಆ ದೊಡ್ಡ ತುಣುಕಿನಿಂದ ಶುರು ಮಾಡಬೇಡ. ಅದು ಆಗ ಹೇಗಿತ್ತು ಅಂತ ಕಿವಿಗೆ ನೆನಪಿರುತ್ತೆ, ಬೆರಳು ತಪ್ಪಿದ ಕೂಡಲೇ ಆ ಭಯ ನೋಡು ನಾನು ಹೇಳಿರಲಿಲ್ವಾ ಅಂತ ಎದ್ದು ನಿಲ್ಲುತ್ತೆ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬಂದಾಗ ಹಳೆ ಸಿನಿಮಾ ಹಾಡು ಕೇಳಿ ಕೇಳಿ ಒಂದು ಬೆರಳಿನಲ್ಲಿ ಹುಡುಕುತ್ತಿದ್ದೆಯಲ್ಲ, ಹಾಗೆ ಏನಾದರೂ ಹುಡುಕು. ಮಗು ಮಲಗಿದ್ದಾಗ ಕೂರಬೇಡ, ಎಚ್ಚರವಿದ್ದಾಗಲೇ ತೊಡೆ ಮೇಲೆ ಕೂರಿಸಿಕೊಂಡು ಕೂರು. ಅದು ಕೀಲಿಗಳನ್ನು ಬಡಿಯುತ್ತೆ, ನುಡಿಸೋಕೆ ಬಿಡಲ್ಲ, ಆಗಲಿ ಬಿಡು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುವ ಅಭ್ಯಾಸ ನಿನಗಿದೆ, ಸದ್ಯಕ್ಕೆ ಅದು ಬೇಡ ಅಂತ ನನಗನ್ನಿಸುತ್ತೆ. ಏನೂ ಉಳಿದಿಲ್ಲ ಅಂತಲೇ ಆದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಬುದ್ಧಿ ಹೇಳುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ಇನ್ನೊಂದು ಮರೆತೇ ಹೋಗಿತ್ತು. ಕೂರುವುದಕ್ಕೆ ಮುಂಚೆ ಪಿಯಾನೊ ಟ್ಯೂನ್ ಮಾಡಿಸು. ಇಷ್ಟು ವರ್ಷ ಮುಚ್ಚಿಟ್ಟದ್ದು, ಎಷ್ಟೋ ಮಳೆಗಾಲ ಕಳೆದಿವೆ, ಒಳಗೆ ತಂತಿಗಳೆಲ್ಲಾ ಶ್ರುತಿ ಇಳಿದಿರುತ್ತವೆ, ಒಂದೆರಡು ಕೀಲಿ ಕಚ್ಚಿಕೊಂಡೂ ಇರಬಹುದು. ಹಾಗೇ ಕೂತರೆ ಮೊದಲ ದಿನ ಕೇಳಿಸಿದ ಅಪಸ್ವರವನ್ನೆಲ್ಲಾ ನಿನ್ನ ಕೈಯ ಲೆಕ್ಕಕ್ಕೆ ಬರೆದುಕೊಂಡುಬಿಡುತ್ತೀಯ. ಟ್ಯೂನರ್ ಖರ್ಚು ನನ್ನದು. ಹಣ ಕಳಿಸುತ್ತೇನೆ, ನಿಮ್ಮಮ್ಮನಿಗೆ ಹೇಳಬೇಡ, ಸುಮ್ನೆ ನನ್ನ ಜೊತೆ ಜಗಳ ತೆಗೆಯುತ್ತಾಳೆ.

ನಿನ್ನ
ದೊಡ್ಡಮ್ಮ